ಮನೆಯವರೇ ಸೇರಿ ಕ್ರೈಸ್ತ ಗೀತೆಗಳ ಲೇಬಲ್ ಆರಂಭಿಸುವ ಬಗೆ

ಚರ್ಚಿನ ಸಭೆಯಲ್ಲಿ ಹಾಡುವ ಕುಟುಂಬವು ಸ್ವಂತ ಲೇಬಲ್ (ಹಾಡುಗಳನ್ನು ಧ್ವನಿಮುದ್ರಿಸಿ ಹೊರತರುವ ಸಂಸ್ಥೆ) ತೆರೆಯಲು ಹೊರಟಾಗ ಮೊದಲು ಮೈಕು, ಕೀಬೋರ್ಡುಗಳ ಬೆಲೆ ವಿಚಾರಿಸುತ್ತದೆ. ಅದಕ್ಕಿಂತ ಮುಂಚೆ ಆಗಬೇಕಾದದ್ದು ಕರಾರು ಪತ್ರ. ತಂದೆ ಸಾಹಿತ್ಯ ಬರೆದು, ಮಗಳು ರಾಗ ಸಂಯೋಜಿಸಿ, ಚಿಕ್ಕಪ್ಪ ಧ್ವನಿಮುದ್ರಣದ ಹೊಣೆ ಹೊತ್ತರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂಬ ಮೂರು ಪ್ರತ್ಯೇಕ ಸ್ವಾಮ್ಯಗಳು ಹುಟ್ಟುತ್ತವೆ. ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರ ಹಕ್ಕು ಬೇರೆಯೇ ಇದೆ. ನಮ್ಮವರಲ್ಲಿ ಬರವಣಿಗೆ ಏಕೆಂಬ ಸಂಕೋಚ ಸಹಜ, ಆದರೆ ಹಾಡು ಹೆಸರು ಮಾಡಿದ ಮೇಲೆ ಪಾಲಿನ ಮಾತು ಎತ್ತುವುದು ಇನ್ನೂ ಕಷ್ಟ.

ಹಕ್ಕನ್ನು ಲೇಬಲ್‌ಗೆ ವಹಿಸಿಕೊಡುವ ಪತ್ರ ಲಿಖಿತವಾಗಿದ್ದು, ಕೊಡುವವರ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸುತ್ತದೆ. ಮಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳವರು ಕೊಲ್ಲಿ ದೇಶಗಳಲ್ಲಿರುವಾಗ ಪ್ರದೇಶದ ಆ ಒಂದು ಸಾಲನ್ನು ಬಿಡುವಂತಿಲ್ಲ. ಸಾಹಿತಿಗೂ ಸಂಗೀತ ಸಂಯೋಜಕರಿಗೂ ಸಲ್ಲುವ ರಾಯಧನದ (ರಾಯಲ್ಟಿ) ಹಕ್ಕನ್ನು 2012ರ ತಿದ್ದುಪಡಿ ಕಾಪಾಡಿರುವುದರಿಂದ, ಅವರ ಪಾಲನ್ನೂ ಪತ್ರದಲ್ಲೇ ಬರೆಯಿರಿ.

ಇಬ್ಬರು ಮೂವರು ಹಣ ಹೂಡುವುದಾದರೆ ಪಾಲುದಾರಿಕೆ ಸಂಸ್ಥೆ ಸಾಕು, ಆದರೆ ಅದನ್ನು ನೋಂದಾಯಿಸಿರಿ. ಸಭೆಯ ಕಾಣಿಕೆ ಹಣ ಲೇಬಲ್‌ನ ಬ್ಯಾಂಕ್ ಖಾತೆಗೆ ಎಂದೂ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಡುಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಲದಿಂದ ಕನ್ನಡದಲ್ಲಿ ಕ್ರೈಸ್ತ ಗೀತೆಗಳು ಬೆಳೆದಿವೆ. ಕರ್ತೃ ತೀರಿಕೊಂಡು 60 ವರ್ಷ ಕಳೆದಿದ್ದರೆ ಆ ರಚನೆಗೆ ಅನುಮತಿ ಬೇಡ. 1903ರಲ್ಲಿ ತೀರಿಕೊಂಡ ಕಿಟೆಲ್ ಅವರ ಪದ್ಯಗಳು ಹಾಗೆ ಮುಕ್ತವಾಗಿವೆ. ಆದರೆ ಹಳೆಯ ಪದ್ಯಕ್ಕೆ ಇತ್ತೀಚಿನವರೊಬ್ಬರು ರಾಗ ಹಾಕಿರಬಹುದು, ಹಳೆಯ ರಾಗಕ್ಕೆ ಹೊಸ ಅನುವಾದ ಬಂದಿರಬಹುದು. ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಆರಾಧನೆಯಲ್ಲಿ ಹಾಡಲು ಕಾಯ್ದೆ ಕೊಟ್ಟಿರುವ ವಿನಾಯಿತಿ ಧ್ವನಿಮುದ್ರಿಸಿ ಮಾರಲು ಅನ್ವಯಿಸುವುದಿಲ್ಲ.

ಧ್ವನಿಮುದ್ರಣಕ್ಕೆ ಮನೆಯ ಕೋಣೆಯೇ ಸಾಕು. ಪ್ರತಿಧ್ವನಿ ತಗ್ಗುವಂತೆ ಸೀರೆಗಳು ತುಂಬಿದ ಬೀರುವಿನ ಬಾಗಿಲು ತೆರೆದು, ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ, ಅಡುಗೆಮನೆಯ ಕುಕ್ಕರ್ ಇಳಿದ ಮೇಲೆ ಹಾಡಿರಿ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಧ್ವನಿಯನ್ನೂ ವಾದ್ಯಗಳನ್ನೂ ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಉಳಿಸಿಕೊಂಡರೆ, ವಾದಕರಿಲ್ಲದ ಚಿಕ್ಕ ಸಭೆಗಳಿಗೆ ಹಾಡುಗಾರಿಕೆ ತೆಗೆದ ಟ್ರ್ಯಾಕನ್ನೂ ಕೊಡಬಹುದು; ಹಳ್ಳಿಯ ಸಭೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಈ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೆಲಸವನ್ನು ಮಾತ್ರ ಅನುಭವಿಗಳಿಗೆ ಬಿಡಿರಿ.

ಬಿಡುಗಡೆಗೆ, ಹಾಡುಗಳನ್ನು ಆನ್‌ಲೈನ್ ಸಂಗೀತ ತಾಣಗಳಿಗೆ ತಲುಪಿಸುವ ಡಿಜಿಟಲ್ ವಿತರಕರೊಬ್ಬರು ಬೇಕು. ಪ್ರತಿ ಧ್ವನಿಮುದ್ರಣಕ್ಕೂ ಬೇಕಾದ, ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಸಿ.ಡಿ. ತರುವುದಾದರೆ ಧ್ವನಿಮುದ್ರಣ ಮಾಡಿದವರ ಮತ್ತು ಸ್ವಾಮ್ಯ ಹೊಂದಿದವರ ಹೆಸರು, ವಿಳಾಸ, ಪ್ರಥಮ ಪ್ರಕಟಣೆಯ ವರ್ಷ ಅದರ ಮೇಲಿರಬೇಕು. ಸಾಹಿತಿ ಮತ್ತು ಸಂಯೋಜಕರು ತಮ್ಮ ಪರವಾಗಿ ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಬೇಕು. ವಿತರಕರಿಗೆ ಕೊಟ್ಟ ಹೆಸರಿಗೂ ಅಲ್ಲಿ ಬರೆಸಿದ ಹೆಸರಿಗೂ ಒಂದಕ್ಷರವೂ ವ್ಯತ್ಯಾಸವಾಗದಂತೆ, ಕರಾರು ಪತ್ರವನ್ನು ಎದುರಿಗಿಟ್ಟುಕೊಂಡೇ ಅರ್ಜಿ ತುಂಬಿರಿ.