ಹುಣಸೆಹಣ್ಣಿಗೆ ಬಾರದ್ದು ಟಾರ್ಚಿಗೆ ಬಂತು

'ವಿಕ್ಟೋರಿಯಾ ರಾಣಿಯ ಜುಬಿಲಿ ಪದಕ, ಸವೆದುಹೋಗಿದೆ, ಗುಜರಿ ಡಬ್ಬಿಗೆ ಹಾಕು' ಅಂದರು ಲೋಹ ಪತ್ತೆಮಾಡುವ ಮೆಷಿನ್ ಹಿಡಿದು ಹೊಲಗಳಲ್ಲಿ ಹಳೇ ವಸ್ತು ಹುಡುಕುವ ನಮ್ಮ ಡಿಟೆಕ್ಟಿಂಗ್ ಕ್ಲಬ್ಬಿನವರು. ನಾನು ಹಾಕಲಿಲ್ಲ. ಇಂಗ್ಲೆಂಡಿನ ಸಫೋಕ್‌ನ ಉತ್ತ ಹೊಲದಲ್ಲಿ ಆರಿಂಚು ಆಳಕ್ಕೆ ಸಿಕ್ಕ ಹಿತ್ತಾಳೆ ಬಿಲ್ಲೆ ಅದು, ಅಗಲ 37-38 ಮಿ.ಮೀ. ನಾನು ಕಂಡ ಜುಬಿಲಿ ಪದಕಗಳು ಹೆಚ್ಚಾಗಿ ಬಿಳಿ ಲೋಹದವು, ನೇತುಹಾಕಲು ಮೇಲೊಂದು ತೂತು. ಇದಕ್ಕೆ ತೂತೇ ಇರಲಿಲ್ಲ.

ಹಿಂದಿನ ವರ್ಷ ಇಂಥದ್ದೇ ಒಂದನ್ನು ನಾನೇ ಕೆಡಿಸಿದ್ದೆ. ದೇವರ ದೀಪ ಹುಣಸೆಹಣ್ಣಿಗೆ ಫಳಫಳ ಅನ್ನುತ್ತದಲ್ಲ, ಇದೂ ಹಾಗೇ ಎಂದುಕೊಂಡು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಮೈತುಂಬ ಗುಲಾಬಿ ತೇಪೆ. ಮಣ್ಣಿನಲ್ಲಿ ಕೂತ ಹಿತ್ತಾಳೆಯ ಸತು ಸೋರಿಹೋಗಿ ಮೇಲೆ ಕಂದು ಪದರ ಕಟ್ಟಿರುತ್ತದೆ, ಅಕ್ಷರ ಉಳಿದಿರುವುದು ಅದರಲ್ಲೇ. ಹುಳಿ ಅದನ್ನೇ ತಿಂದಿತ್ತು. ಅಂಗಡಿಯವನು ಎರಡು ಪೌಂಡ್ ಅಂದ. ಹಳೇ ಫೋನ್ ಚಾರ್ಜರ್‌ನಿಂದ ಎಲೆಕ್ಟ್ರೋಲಿಸಿಸ್ (ನೀರಿನಲ್ಲಿ ಕರೆಂಟು ಹರಿಸಿ ಕೊಳೆ ಬಿಡಿಸುವುದು) ಮಾಡಿದ ಇನ್ನೊಂದರ ಅಂಚೇ ಹೋಯಿತು. ಆಲಿವ್ ಎಣ್ಣೆಯಲ್ಲಿ ಮೂರು ತಿಂಗಳು ಇಟ್ಟದ್ದರಿಂದ ಎಣ್ಣೆ ಮಾತ್ರ ಹಾಳು.

ಈ ಸಲ ತೊಳೆದದ್ದು ಬರೀ ನೀರಿನಲ್ಲಿ. ಕತ್ತಲೆ ಕೋಣೆ, ಎಂಟು ಪೌಂಡ್ ಬೆಲೆಯ ಟಾರ್ಚು ಮೇಜಿನ ಮೇಲೆ ಮಲಗಿಸಿದಂತೆ, ಓರೆ ಬೆಳಕಿಗೆ ಸವೆದ ಅಕ್ಷರದ ನೆರಳು ಏಳುವ ಹಾಗೆ, ಮೇಲಿಂದ ಫೋನು. ಬಿಲ್ಲೆಯನ್ನು ಗಡಿಯಾರದ ಗಂಟೆಯಂತೆ ಹನ್ನೆರಡು ಸಲ ತಿರುಗಿಸಿ ಹನ್ನೆರಡು ಫೋಟೊ. ಬಿಲ್ಲೆಯ ಕೆಳಗೆ ಏನಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದರಲ್ಲಿ 'ಶಿಪ್ಸ್' ಕಂಡಿತು, ಇನ್ನೊಂದರಲ್ಲಿ 'ಓನ್ಲಿ'. ಹಡಗು ಎಣಿಸಿದೆ: ಆರು. ಮುಂಬದಿಯಲ್ಲಿ ನಿಂತ ಮನುಷ್ಯ, ಪಕ್ಕದಲ್ಲೊಂದು ಫಿರಂಗಿ. ರಾಣಿಯಂತೂ ಅಲ್ಲ!

ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್. 1739ರ ನವೆಂಬರಿನಲ್ಲಿ ಆರೇ ಹಡಗಿನಿಂದ ಪನಾಮಾದಲ್ಲಿ ಸ್ಪೇನಿನ ಕೈಲಿದ್ದ ಬಂದರು ಪೋರ್ಟೊ ಬೆಲ್ಲೊ ಹಿಡಿದವನು. ಇಂಗ್ಲೆಂಡಿಗೆ ಹುಚ್ಚು ಹಿಡಿದಂತಾಗಿ ಅಗ್ಗದ ಲೋಹದಲ್ಲಿ ನೂರಾರು ಬಗೆ ಪದಕ ಅಚ್ಚಾದವು. 1741ರಲ್ಲಿ ಈಗಿನ ಕೊಲಂಬಿಯಾದ ಕಾರ್ಟಹೇನಾದಲ್ಲಿ ಅವನು ಸೋತ. ಆದರೂ ಸ್ಪೇನಿನ ಸೇನಾನಿ ಅವನೆದುರು ಮಂಡಿಯೂರಿದಂತೆ ಪದಕಗಳಿವೆ. ಕೂಸು ಹುಟ್ಟುವ ಮುನ್ನ ಕುಲಾವಿ! ವರ್ನನ್‌ನ ಮನೆ ಇದ್ದ ನ್ಯಾಕ್ಟನ್ ನಮ್ಮ ಹೊಲದಿಂದ ಕಾರಿನಲ್ಲಿ ಅರ್ಧ ಗಂಟೆ.

ಆ ನೂರಾರು ಬಗೆಯಲ್ಲಿ ಇದು ಯಾವ ಅಚ್ಚು ಎಂದು ಹಿಡಿಯಲು ಅಕ್ಷರದ ಆಕಾರ ನೋಡಿ ಉಪಯೋಗವಿಲ್ಲ. ಯಾವ ಹಡಗಿನ ಪಟಸ್ತಂಭದ ತುದಿ ಯಾವ ಅಕ್ಷರದ ನೇರಕ್ಕಿದೆ ಎಂದು ಗುರುತು ಹಾಕಿಕೊಂಡು, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಚಿತ್ರಗಳ ಜೊತೆ ಹೋಲಿಸಿದೆ. ನಾಲ್ಕೈದು ಸಂಜೆ ಹಿಡಿಯಿತು. ಅದೇ ಬೆಳಕಿನಲ್ಲಿ ಅಜ್ಜಿ ಕೊಟ್ಟಿದ್ದ ಆನೆ ಚಿತ್ರದ ಮೈಸೂರು ತಾಮ್ರದ ಕಾಸನ್ನೂ ನೋಡಿದೆ. ಬಾಲ ಬಂತು, ಬರಹ ಬರಲಿಲ್ಲ. (ಆ ಹುಮ್ಮಸ್ಸಿನಲ್ಲಿ ಊರಿಗೆ ಮೆಷಿನ್ ಒಯ್ಯಬೇಡಿ, ಅಲ್ಲಿ ನಿಧಿ ಕಾಯಿದೆ ಇದೆ.)

ಬೆಲೆ ಎಷ್ಟು ಅಂತೀರಾ? ಈ ಸ್ಥಿತಿಯಲ್ಲಿ ಮೂವತ್ತು ನಲವತ್ತು ಪೌಂಡ್. ಮೆಷಿನ್ನಿಗೇ ನಾನೂರೈವತ್ತರ ಹತ್ತಿರ ಸುರಿದಿದ್ದೇನೆ. ಕ್ಲಬ್ಬಿನಲ್ಲಿ ಫೋಟೊ ತೋರಿಸಿದಾಗ ಜುಬಿಲಿ ಅಂದವರೇ ಟಾರ್ಚು ಯಾವುದು ಎಂದು ಕೇಳಿದರು. ಒಪ್ಪಂದದಂತೆ ಅರ್ಧ ಪಾಲು ಹೊಲದ ಯಜಮಾನನದು. ಆತ ಬೇಡವೆಂದು, ಕಳೆದುಹೋದ ಟ್ರ್ಯಾಕ್ಟರ್ ಪಿನ್ನು ಹುಡುಕಿಕೊಡು ಅಂದ. ಅದಕ್ಕೆ ಎರಡು ಭಾನುವಾರ ಹೋಯಿತು.