ಅಮೆರಿಕದ ಪೇಟೆಂಟ್‌ನಲ್ಲಿ ಹಳೇ ಕ್ಲೇಮ್‌ಗಳೇ ಕಾಣ್ತಿದ್ರೆ

ಮರುಪರಿಶೀಲನೆ (ಕೊಟ್ಟ ಪೇಟೆಂಟನ್ನು ಪೇಟೆಂಟ್ ಕಚೇರಿ ಮತ್ತೆ ಪರೀಕ್ಷಿಸೋದು) ಮುಗಿದಿದ್ದ ಪೇಟೆಂಟ್, ಆದರೆ ಡೌನ್‌ಲೋಡ್ ಮಾಡಿದ ಪ್ರತಿಯಲ್ಲಿ ಹಳೇ ಕ್ಲೇಮ್‌ಗಳೇ (ಹಕ್ಕು ಯಾವುದಕ್ಕೆ ಅಂತ ಹೇಳುವ ವಾಕ್ಯಗಳು) ಇದ್ದವು. ಬೇರೆ ಸೈಟಿನಿಂದ ಇಳಿಸಿಕೊಂಡೆ, ಅದೇ. ಮೂಲ ಅರ್ಜಿಯ ಕಡತ ಪೂರ್ತಿ ಹುಡುಕಿದೆ, ಬದಲಾದ ಕ್ಲೇಮ್‌ಗಳು ಅಲ್ಲೂ ಇಲ್ಲ. ಯಾಕಂದ್ರೆ ಮರುಪರಿಶೀಲನೆಗೆ ಬೇರೆಯದೇ ನಂಬರ್ ಇರುತ್ತದೆ.

ಕೆಲಸ ಮಾಡಿದ್ದು ಇದು: ಅಮೆರಿಕದ ಪೇಟೆಂಟ್ ಕಚೇರಿಯ ಸೈಟಾದ ಪೇಟೆಂಟ್ ಸೆಂಟರ್‌ನಲ್ಲಿ ಪೇಟೆಂಟ್ ನಂಬರ್ ಹಾಕಿ, ಸಂಬಂಧಪಟ್ಟ ಅರ್ಜಿಗಳನ್ನು ತೋರಿಸುವ ಕಂಟಿನ್ಯುಟಿ ಟ್ಯಾಬ್ ತೆರೆಯಿರಿ. ಅಲ್ಲಿ 90/ ಅಥವಾ 95/ ಎಂದು ಶುರುವಾಗುವ ಮರುಪರಿಶೀಲನೆಯ ನಂಬರ್ ಸಿಗುತ್ತದೆ, ಅದರ ಕಡತಕ್ಕೆ ಹೋಗಿ. ಮೊದಲು ಮರುಪರಿಶೀಲನೆಯ ಪ್ರಮಾಣಪತ್ರ ಕೊಡುತ್ತೇವೆ ಅನ್ನೋ ನೋಟಿಸ್ ಇರುತ್ತದೆ. ಅದಷ್ಟೇ ನೋಡಿ ನಿಲ್ಲಿಸಬೇಡಿ, ಅದರ ನಂತರ ಬರುವ ಪ್ರಮಾಣಪತ್ರವೇ ಮುಖ್ಯ, ಬದಲಾದ ಕ್ಲೇಮ್‌ಗಳು ಇರೋದು ಅದರಲ್ಲೇ. 2001ರಿಂದೀಚೆಗೆ ಪ್ರಮಾಣಪತ್ರದಲ್ಲಿ ಪೇಟೆಂಟ್ ನಂಬರಿನ ಕೊನೆಗೆ ಸಿ1 (C1) ಅಂತ ಇದ್ದರೆ ಮೊದಲ ಪ್ರಮಾಣಪತ್ರ, ಸಿ2 ಎರಡನೆಯದು. ಎಲ್ಲವನ್ನೂ ಕ್ರಮವಾಗಿ ಓದಿ. ದಪ್ಪ ಚೌಕ ಆವರಣದಲ್ಲಿರುವುದು ತೆಗೆದುಹಾಕಿದ ಮಾತು, ಓರೆ ಅಕ್ಷರದ್ದು ಹೊಸದಾಗಿ ಸೇರಿಸಿದ್ದು.