ತಿಂಗಳ ಕೊನೆ ಡಿಸ್ಪ್ಯಾಚ್ ದಿನ ಗೊತ್ತಾಗುತ್ತೆ ಕ್ವಾಲಿಟಿ: ಪೀಣ್ಯದ ಮಷೀನ್ ಶಾಪ್‌ನಲ್ಲಿ ನನ್ನ ಅನುಭವ

ಪೀಣ್ಯದಲ್ಲಿ ಯಾವ ಶಾಪ್‌ಗೆ ಹೋದ್ರೂ ಮುಂದಿನ ರೂಮಿನ ಗೋಡೆ ಮೇಲೆ ಐಎಸ್‌ಒ 9001 ಸರ್ಟಿಫಿಕೇಟ್ ಇರುತ್ತೆ, ಅಂದ್ರೆ ಕ್ವಾಲಿಟಿ ನೋಡ್ಕೊಳ್ಳೋ ವ್ಯವಸ್ಥೆಗೆ ಇರೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನದು, ಪಕ್ಕದಲ್ಲೇ ಲಕ್ಷ್ಮಿ ಫೋಟೋ. ಲಕ್ಷ್ಮಿಗೆ ದಿನಾ ಊದುಬತ್ತಿ, ಸರ್ಟಿಫಿಕೇಟ್‌ಗೆ ವರ್ಷಕ್ಕೊಂದ್ಸಲ ಆಡಿಟ್ ಟೈಮಲ್ಲಿ ಧೂಳು ಒರೆಸೋದು. ನಾನು ಕ್ವಾಲಿಟಿ ನೋಡ್ಕೊಳ್ಳೋ ಶಾಪೂ ಮೊದ್ಲು ಹಂಗೇ ಇತ್ತು. ಟಯರ್-2 ಸಪ್ಲೈಯರ್ ನಾವು, ಅಂದ್ರೆ ಆಟೋ ಕಂಪನಿಗೆ ಪಾರ್ಟ್ ಕೊಡೋರಿಗೆ ನಾವು ಪಾರ್ಟ್ ಕೊಡೋದು. ಸಿಎನ್‌ಸಿ ಲೇತುಗಳು, ಒಂದೆರಡು ವಿಎಂಸಿ (ಎರಡೂ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕಡಿಯೋ ಮಷೀನು), ಒಂದು ಗ್ರೈಂಡಿಂಗ್ ಮಷೀನು, ಅಷ್ಟೇ.

2015ರ ಸ್ಟ್ಯಾಂಡರ್ಡ್ ಬಂದಾಗ ಹಿಂದೆ ಇದ್ದ ಎಂಟು ಪ್ರಿನ್ಸಿಪಲ್, ಅಂದ್ರೆ ಕ್ವಾಲಿಟಿಯ ಮೂಲ ತತ್ವಗಳು, ಏಳಾಯ್ತು. ಕಸ್ಟಮರ್ ಫೋಕಸ್, ಲೀಡರ್‌ಶಿಪ್, ಜನ ತೊಡಗಿಸ್ಕೊಳ್ಳೋದು, ಪ್ರೋಸೆಸ್ ಅಪ್ರೋಚ್, ಇಂಪ್ರೂವ್‌ಮೆಂಟ್, ಎವಿಡೆನ್ಸ್ ನೋಡಿ ನಿರ್ಧಾರ ಮಾಡೋದು, ಆಮೇಲೆ ಸಪ್ಲೈಯರ್ ಗಿಪ್ಲೈಯರ್ ಜೊತೆ ಸಂಬಂಧ. ಇವು ಚಾರ್ಟ್ ಮಾಡಿ ಅಂಟ್ಸೋದಕ್ಕೆ ಚೆನ್ನಾಗಿರುತ್ವೆ. ನನಗೆ ಅದಕ್ಕಿಂತ ದೊಡ್ಡ ಬದಲಾವಣೆ ಅನ್ಸಿದ್ದು ಇನ್ನೊಂದು. 2008ರ ಎಡಿಷನ್‌ನಲ್ಲಿ ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಅಂತ ಒಬ್ಬನ್ನ ಇಡ್ಲೇಬೇಕಿತ್ತು, 2015ರಲ್ಲಿ ಆ ಕಡ್ಡಾಯ ತೆಗೆದುಬಿಟ್ರು, ಕ್ಲಾಜ್ 5ರಲ್ಲಿ ಜವಾಬ್ದಾರಿ ನೇರ ಟಾಪ್ ಮ್ಯಾನೇಜ್‌ಮೆಂಟ್ ತಲೆ ಮೇಲೇ ಹಾಕಿದ್ರು. ಆದ್ರೆ ನಮ್ ಕಡೆ ಶಾಪ್‌ಗಳಲ್ಲಿ ಇವತ್ತಿಗೂ "ಎಂಆರ್ ನೋಡ್ಕೋತಾರೆ ಬಿಡಿ" ಅನ್ನೋ ಮಾತು ಹೋಗಿಲ್ಲ. ನಮ್ಮಲ್ಲಿ ಆ ಎಂಆರ್ ನಾನೇ.

ಈ ಮಧ್ಯೆ ಶಾಪ್ ಒಳಗಿನ ಜನಾನೇ ಬದಲಾಗಿಬಿಟ್ರು. ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಇದ್ದ ಪರ್ಮನೆಂಟ್ ಆಪರೇಟರ್‌ಗಳು ಒಬ್ಬೊಬ್ರಾಗಿ ರಿಟೈರ್ ಆಗ್ತಿದಾರೆ, ಅವರ ಜಾಗಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಒಡಿಶಾ, ಬಿಹಾರ, ಜಾರ್ಖಂಡ್ ಹುಡುಗ್ರು ಬರ್ತಾರೆ, ಕೆಲಸ ಕಲಿಯೋ ಹೊತ್ತಿಗೆ ಊರಲ್ಲಿ ಛಟ್ ಪೂಜೆನೋ ತಂಗಿ ಮದುವೆನೋ ಅಂತ ಹೋಗ್ತಾರೆ, ಕೆಲವರು ವಾಪಸ್ ಬರ್ತಾರೆ ಕೆಲವರು ಬೇರೆ ಕಡೆ ಐನೂರು ಜಾಸ್ತಿ ಸಿಗುತ್ತೆ ಅಂತ ಅಲ್ಲಿಗೇ ಹೋಗ್ತಾರೆ. ಇನ್ಸ್‌ಪೆಕ್ಷನ್‌ಗೆ ಐಟಿಐ, ಡಿಪ್ಲೊಮಾ ಮುಗಿಸಿದ ಹೆಣ್ಮಕ್ಕಳು ಬಂದಿದಾರೆ. ಇಲೆಕ್ಟ್ರಿಕ್ ಗಾಡಿ ಬಂದ್ಮೇಲೆ ಎಂಜಿನ್ ಪಾರ್ಟ್ ಮಾಡೋರಿಗೆಲ್ಲ ಒಂದು ಭಯ, ಹೊಸ ಹೊಸ ಪಾರ್ಟ್ ಹಿಡೀಬೇಕು, ಅಂದ್ರೆ ಹೊಸ ಡ್ರಾಯಿಂಗು ಹೊಸ ಸೆಟ್ಟಿಂಗು. ಕ್ವಾಲಿಟಿ ಮ್ಯಾನ್ಯುಯಲ್ ಬರೆದಾಗ ಇದ್ದ ಶಾಪೇ ಈಗಿಲ್ಲ.

ಒಂದು ಪಾರ್ಟ್ ಕತೆ ಹೇಳ್ತೀನಿ. 60 ಎಂಎಂ ಡಯಾ ಇರೋ ಶಾಫ್ಟು, ಎಚ್7 (ಚಿಕ್ಕ ಎಚ್, h7) ಟಾಲರೆನ್ಸು, ಅಂದ್ರೆ ಸೈಜಲ್ಲಿ ಬಿಟ್ಟಿರೋ ವ್ಯತ್ಯಾಸ ಮೇಲೆ ಸೊನ್ನೆ ಕೆಳಗೆ 30 ಮೈಕ್ರಾನ್ (ಒಂದು ಎಂಎಂನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಹೀಟ್ ಟ್ರೀಟ್‌ಮೆಂಟ್ ಆಗಿ ಬಂದ್ಮೇಲೆ ಹಾರ್ಡ್ ಟರ್ನಿಂಗು, ಅಂದ್ರೆ ಗಟ್ಟಿಯಾದ ಸ್ಟೀಲನ್ನೇ ಲೇತಲ್ಲಿ ಕಡಿಯೋದು, ಸಿಬಿಎನ್ ಇನ್ಸರ್ಟ್ (ತುಂಬಾ ಗಟ್ಟಿ ಕಟಿಂಗ್ ತುದಿ) ಹಾಕಿ, ತಣ್ಣಗೆ ಮಾಡೋ ಕೂಲೆಂಟ್ ಇಲ್ದೆ ಡ್ರೈ ಓಡಿಸ್ತಿದ್ವಿ. ನೈಟ್ ಶಿಫ್ಟಲ್ಲಿ ಮಾಡಿದ ಮಾಲು ಬೆಳಿಗ್ಗೆ ಚೆಕ್ ಮಾಡಿದ್ರೆ ಅಂಡರ್‌ಸೈಜ್. ದಿನಾ ಅಲ್ಲ, ಆದ್ರೆ ಬಂದಾಗ ಒಂದು ಟ್ರೇ ಪೂರ್ತಿ. ಶಾಪ್‌ನಲ್ಲಿ ಎಲ್ರಿಗೂ ಕಾರಣ ಗೊತ್ತಿತ್ತು: "ನೈಟ್ ಶಿಫ್ಟ್ ಹುಡುಗ್ರು ಅಳತೆ ಮಾಡಲ್ಲ ಸಾರ್, ಫೋನ್ ನೋಡ್ಕೊಂಡು ಕೂತಿರ್ತಾರೆ." ಸೂಪರ್‌ವೈಸರ್ ಇದನ್ನೇ ಹೇಳ್ದ, ಹಳೇ ಆಪರೇಟರ್‌ಗಳೂ ಇದನ್ನೇ ಹೇಳಿದ್ರು, ಓನರ್ ಇಬ್ರನ್ನ ತೆಗ್ದೇಬಿಡೋಣ ಅಂದ್ರು.

ನಾನು ಎರಡು ರಾತ್ರಿ ಟೈಮ್ ಕೊಡಿ ಸಾರ್ ಅಂತ ಕೇಳಿ ನೈಟ್ ಶಿಫ್ಟ್‌ಗೆ ಹೋಗಿ ಸುಮ್ನೆ ನಿಂತೆ. ಹುಡುಗ ಅಳತೆ ಮಾಡ್ತಿದ್ದ, ಅದೂ ಪ್ರತಿ ಪೀಸು. ಚಕ್ಕಿಂದ ಪೀಸ್ ತೆಗೆದ ತಕ್ಷಣ ಬಟ್ಟೆಲಿ ಹಿಡ್ಕೊಂಡು ಮೈಕ್ರೋಮೀಟರ್ ಹಾಕ್ತಿದ್ದ, ಯಾಕಂದ್ರೆ ಕೈಲಿ ಮುಟ್ಟೋಕಾಗಲ್ಲ ಅಷ್ಟು ಬಿಸಿ. ಡೇ ಶಿಫ್ಟಲ್ಲಿ ಆದ್ರೆ ಇನ್ಸ್‌ಪೆಕ್ಟರ್ ಹುಡುಗಿ ಪೀಸ್ ತಗೊಂಡು ಕ್ಯೂಸಿ ಅಂದ್ರೆ ಕ್ವಾಲಿಟಿ ಕಂಟ್ರೋಲ್ ರೂಮಿಗೆ ಹೋಗಿ ಟೇಬಲ್ ಮೇಲಿಟ್ಟು ಆಮೇಲೆ ಅಳೀತಾಳೆ, ಅಷ್ಟೊತ್ತಿಗೆ ತಣ್ಣಗಾಗಿರುತ್ತೆ. ರಾತ್ರಿ ಕ್ಯೂಸಿ ರೂಮಿಗೆ ಬೀಗ. ಸ್ಟೀಲು ಒಂದು ಮೀಟರಿಗೆ ಒಂದು ಡಿಗ್ರಿಗೆ ಹತ್ರಹತ್ರ 11.5 ಮೈಕ್ರಾನ್ ಹಿಗ್ಗುತ್ತೆ. 60 ಎಂಎಂಗೆ ಲೆಕ್ಕ ಹಾಕಿ, ಪೀಸು 20 ಡಿಗ್ರಿ ಜಾಸ್ತಿ ಬಿಸಿ ಇದ್ರೆ 14 ಮೈಕ್ರಾನ್ ಹತ್ರ ಹೋಯ್ತು, ಇರೋ 30ರಲ್ಲಿ ಅರ್ಧ ಬರೀ ಬಿಸಿಗೇ. ಹುಡುಗ ಬಿಸಿ ಪೀಸಲ್ಲಿ ಸೈಜ್ ಸರಿ ಮಾಡಕ್ಕೆ ಅಂತ ಆಫ್‌ಸೆಟ್ ಕೊಡ್ತಿದ್ದ, ಅಂದ್ರೆ ಟೂಲ್ ಇನ್ನಷ್ಟು ಒಳಗೆ ಕಡಿಯೋ ಹಾಗೆ ಮಷೀನಲ್ಲಿ ನಂಬರ್ ಬದಲಿಸ್ತಿದ್ದ, ತಣ್ಣಗಾದ್ಮೇಲೆ ಅದು ಅಂಡರ್‌ಸೈಜ್. ಅಂದ್ರೆ ಯಾವ ಹುಡುಗ ಜಾಸ್ತಿ ಹುಷಾರಾಗಿ ಅಳೀತಿದ್ನೋ ಅವನ ಮಾಲೇ ಜಾಸ್ತಿ ರಿಜೆಕ್ಟ್ ಆಗ್ತಿತ್ತು!

ಪರಿಹಾರ ಏನೂ ದೊಡ್ಡದಲ್ಲ. ಪೀಸ್ ತಣ್ಣಗಾಗ್ಲಿ ಅಂತ ಮಷೀನ್ ಪಕ್ಕ ಒಂದು ದಪ್ಪ ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಮೂರು ಪೀಸ್ ಸಾಲಾಗಿ, ಹೊಸ ಪೀಸ್ ಕೊನೇಲಿಡು, ಮೊದಲ್ನೇದನ್ನ ಅಳತೆ ಮಾಡು. ಅದರ ಜೊತೆ ಅದೇ ಪಾರ್ಟಿನ ಒಂದು ಮಾಸ್ಟರ್ ಪೀಸ್, ಅಂದ್ರೆ ಸೈಜ್ ಪಕ್ಕಾ ಗೊತ್ತಿರೋದು, ಅದನ್ನ ಮೊದ್ಲು ಅಳೆದು ಮೈಕ್ರೋಮೀಟರ್ ನೋಡ್ಕೋ. ರಾತ್ರಿಗೂ ಕ್ಯೂಸಿ ರೂಮಿನ ಕೀ ಸೂಪರ್‌ವೈಸರ್ ಹತ್ರ. ಎವಿಡೆನ್ಸ್ ನೋಡಿ ನಿರ್ಧಾರ ಮಾಡೋ ಪ್ರಿನ್ಸಿಪಲ್ಲು ಅಂತ ನಾನು ಟ್ರೈನಿಂಗಲ್ಲಿ ಈಗ ಈ ಕತೆನೇ ಹೇಳೋದು, ಸ್ಲೈಡ್ ಹಾಕಲ್ಲ.

ಇದಾದ್ಮೇಲೆ ನಾನು ಓನರ್ ಹತ್ರ ಒಂದು ವಿಷ್ಯ ಕೇಳ್ದೆ. ದಿನಾ ಬೆಳಿಗ್ಗೆ ಮೀಟಿಂಗಲ್ಲಿ ಅವರ ಮೊದಲ ಪ್ರಶ್ನೆ "ಯಾರ್ರೀ ಮಾಡಿದ್ದು?" ಅಂತ ಇರ್ತಿತ್ತು. ಅದನ್ನ ಮೊದಲ ಪ್ರಶ್ನೆ ಮಾಡ್ಬೇಡಿ ಸಾರ್, ಯಾವ ಮಷೀನು, ಎಷ್ಟೊತ್ತಿಗೆ, ಆ ಟೈಮಲ್ಲಿ ಏನು ಬದಲಾಗಿತ್ತು, ಇನ್ಸರ್ಟಾ ಆಪರೇಟರ್ರಾ ಮೆಟೀರಿಯಲ್ಲಾ, ಅದು ಕೇಳಿ ಅಂದೆ. ಇನ್ನೊಂದು, ರಿಜೆಕ್ಷನ್ ಆದ್ರೆ ಕಾಂಟ್ರ್ಯಾಕ್ಟರ್ ಹುಡುಗ್ರ ಸಂಬಳದಲ್ಲಿ ಹಿಡೀತಿದ್ದ, ಅದು ನಿಲ್ಲಿಸ್ಬೇಕು ಅಂತಲೂ ಹೇಳ್ದೆ. ಇದಕ್ಕೆ ಓನರ್ ಸುಲಭಕ್ಕೆ ಒಪ್ಲಿಲ್ಲ. "ದುಡ್ಡು ಹಿಡೀಲಿಲ್ಲ ಅಂದ್ರೆ ಭಯ ಎಲ್ಲಿಂದ ಬರುತ್ರೀ?" ಕ್ವಾಲಿಟಿ ಗುರು ಡೆಮಿಂಗ್ ಅವರ 14 ಪಾಯಿಂಟಲ್ಲಿ ಎಂಟನೇದು ಭಯ ಓಡಿಸಿ ಅಂತಾನೇ ಇದೆ, ಅದನ್ನ ಹೇಳಿದ್ರೆ ಕೇಳೋರಲ್ಲ ಅವರು, ಅವರಿಗೆ ಲೆಕ್ಕ ಬೇಕು. ಸರಿ, ಲೆಕ್ಕಾನೇ ತೋರಿಸ್ದೆ. ಹೀಟ್ ಟ್ರೀಟ್‌ಮೆಂಟಿಂದ ಬಂದ ಪೀಸ್ ಎಷ್ಟು, ಡಿಸ್ಪ್ಯಾಚ್ ಆಗಿದ್ದೆಷ್ಟು, ಶಾಪಲ್ಲಿ ಉಳಿದಿದ್ದೆಷ್ಟು, ರಿಜೆಕ್ಷನ್ ರಿಜಿಸ್ಟರಲ್ಲಿ ಬರ್ದಿದ್ದೆಷ್ಟು. ತಾಳೆ ಆಗ್ಲಿಲ್ಲ. ರಿಜಿಸ್ಟರಲ್ಲಿ ಬರೆದಿದ್ದೆಷ್ಟೋ, ಕಮ್ಮಿ ಅಂದ್ರೂ ಇನ್ನೂ ಅಷ್ಟೇ ಪೀಸು ಎಲ್ಲೋ ಮಾಯ ಆಗಿತ್ತು. ಎಲ್ಲಿ ಅಂದ್ರೆ ಚಿಪ್ಸ್ (ಕಡಿದಾಗ ಬರೋ ಲೋಹದ ಚೂರು) ಟ್ರಾಲಿ ತಳದಲ್ಲಿ, ದುಡ್ಡು ಹಿಡೀತಾರೆ ಅನ್ನೋ ಭಯಕ್ಕೆ ಅಲ್ಲಿ ಹಾಕಿದ್ದು ಸ್ಕ್ರ್ಯಾಪ್ ರೇಟಲ್ಲಿ ಹೋಗ್ತಿತ್ತು. ಅದನ್ನ ನೋಡಿದ್ಮೇಲೆ ಕಾಂಟ್ರ್ಯಾಕ್ಟರ್‌ನ ಕರೆಸಿ ಅವರೇ ಹೇಳಿದ್ರು, ಇನ್ಮೇಲೆ ಹಿಡಿಯಂಗಿಲ್ಲ ಅಂತ, ಬರ್ದೂ ಕೊಟ್ರು.

ಮುಂದಿನ ತಿಂಗಳು ರಿಜೆಕ್ಷನ್ ಗ್ರಾಫ್ ಗೋಪುರದ ಥರ ಮೇಲಕ್ಕೆ ಹೋಯ್ತು. ಓನರ್ ನನ್ನ ಕರೆದು "ನಿಮ್ ಮಾತು ಕೇಳಿ ಹಾಳಾದೆ ಕಣ್ರೀ" ಅಂದ್ರು. ಕೌಂಟ್ ತಾಳೆ ಆಗ್ತಿದೆ ನೋಡಿ ಸಾರ್, ಹಾಳಾಗ್ತಿದ್ದಿದ್ದು ಮೊದಲಿಂದಾನೂ ಇತ್ತು, ಈಗ ಕಣ್ಣಿಗೆ ಬಿದ್ದಿದೆ ಅಂದೆ. ಇಲ್ಲಿ ಸುಮಾರು ಜನ ಕ್ವಾಲಿಟಿಯೋರು ಸೋಲೋದು ಅನ್ಸುತ್ತೆ ನನಗೆ. ಆ ಮೊದಲ ಎರಡು ಮೂರು ತಿಂಗಳು ಗ್ರಾಫ್ ಕೆಟ್ಟದಾಗಿ ಕಾಣುತ್ತೆ ಅಂತ ಮೊದ್ಲೇ ಮೇಲಿನವರಿಗೆ ಹೇಳಿಟ್ಟಿಲ್ಲ ಅಂದ್ರೆ ಅಲ್ಲೇ ಎಲ್ಲಾ ವಾಪಸ್ ಹಳೇ ದಾರಿಗೆ ಬರುತ್ತೆ.

ಹಳಬರ ವಿಷ್ಯ ಬೇರೆ. ಗ್ರೈಂಡಿಂಗ್ ಮಷೀನಲ್ಲಿ ಒಬ್ರು ಇದ್ರು, ನಾವೆಲ್ಲ ಅಣ್ಣ ಅಂತಾನೇ ಕರೆಯೋದು, ಸದ್ದು ಕೇಳೇ ವೀಲ್ ಡ್ರೆಸ್ ಮಾಡ್ಬೇಕು, ಅಂದ್ರೆ ಗ್ರೈಂಡಿಂಗ್ ಕಲ್ಲಿನ ಮುಖ ಮತ್ತೆ ಚೂಪು ಮಾಡ್ಬೇಕು, ಅಂತ ಹೇಳೋರು. ಸ್ಟ್ಯಾಂಡರ್ಡಲ್ಲಿ 7.1.6 ಅಂತ ಒಂದು ಕ್ಲಾಜ್ ಇದೆ, ಸಂಸ್ಥೆಯ ತಿಳುವಳಿಕೆ ಉಳಿಸ್ಕೊಳ್ಳಿ ಅಂತ, ಆಡಿಟಲ್ಲಿ ಒಂದು ಫೈಲ್ ತೋರ್ಸಿ ಮುಗಿಸ್ತಾರೆ. ನಾವು ಫೋನಲ್ಲಿ ವಿಡಿಯೋ ಮಾಡಿದ್ವಿ, ಒಂದೊಂದು ನಿಮಿಷದ್ದು, ಸದ್ದು ಸಮೇತ: ಇದು ಸರಿ ಇರೋ ವೀಲು, ಇದು ಲೋಡ್ ಆಗಿರೋ, ಅಂದ್ರೆ ಲೋಹದ ಪುಡಿ ತುಂಬ್ಕೊಂಡಿರೋ ವೀಲು. ಅಣ್ಣ ಮೊದ್ಲು "ನನ್ನ ಕೆಲಸ ಎಲ್ಲಾ ರೆಕಾರ್ಡ್ ಮಾಡ್ಕೊಂಡು ನನ್ನ ಕಳಿಸ್ತೀರಾ?" ಅಂದ್ರು, ನ್ಯಾಯವಾದ ಪ್ರಶ್ನೆ. ಓನರ್ರೇ ಬಂದು ಕೂತು ಮಾತಾಡಿ, ರಿಟೈರ್ ಆದ್ಮೇಲೂ ವಾರಕ್ಕೆ ಎರಡು ದಿನ ಕಲಿಸೋಕೆ ಬನ್ನಿ, ಸಂಬಳ ಕೊಡ್ತೀನಿ ಅಂದ್ಮೇಲೇ ಕೆಲಸ ಮುಂದೆ ಹೋಗಿದ್ದು. ಅದನ್ನ ನಾನು ಹೇಳಿದ್ರೆ ಆಗ್ತಿರ್ಲಿಲ್ಲ, ನನ್ನ ಮಾತಿಗೆ ಸಂಬಳ ಕೊಡೋ ಶಕ್ತಿ ಇಲ್ಲವಲ್ಲ. ವರ್ಕ್ ಇನ್‌ಸ್ಟ್ರಕ್ಷನ್‌ಗಳನ್ನೂ ಇಂಗ್ಲಿಷಿಂದ ತೆಗೆದು ಫೋಟೋ ಹಾಕಿ ಕೆಳಗೆ ಕನ್ನಡ, ಹಿಂದಿ, ಒಡಿಯಾ ಮೂರರಲ್ಲೂ ಬರೆಸಿದ್ವಿ, ಒಡಿಯಾ ನಮ್ಮ ಹುಡುಗನೇ ಬರ್ದುಕೊಟ್ಟ.

ಆದ್ರೆ ಇಷ್ಟೆಲ್ಲಾ ಮಾಡಿದ್ರೂ ಶಾಪ್‌ನವರು ನಂಬಿದ್ದು ಒಂದು ತಿಂಗಳ ಕೊನೇ ದಿನ. ಟಾರ್ಗೆಟ್ ಮುಟ್ಟಬೇಕು, ಗಾಡಿ ಗೇಟಲ್ಲಿ ನಿಂತಿದೆ, ಕಸ್ಟಮರ್ ಕಡೆ ಪರ್ಚೇಸಿಂದ "ಲೈನ್ ನಿಲ್ಲುತ್ತೆ ಕಳಿಸಿ" ಅಂತ ಫೋನ್ ಮೇಲೆ ಫೋನು. ಒಂದು ಲಾಟಲ್ಲಿ ಡೌಟು. ಹಿಂದೆ ಆದ್ರೆ "ಹೋಗ್ಲಿ ಬಿಡ್ರೀ, ಬಂದ್ರೆ ನೋಡ್ಕೊಳ್ಳೋಣ" ಅಂತ ಹೋಗ್ಬಿಡ್ತಿತ್ತು. ಆವತ್ತು ಹಿಡಿದಿಟ್ಟಿದ್ದು ಇನ್ಸ್‌ಪೆಕ್ಷನ್ ಹುಡುಗಿ, ಸೇರಿ ಇನ್ನೂ ಒಂದು ವರ್ಷ ಆಗಿರ್ಲಿಲ್ಲ. ಸೂಪರ್‌ವೈಸರ್ ಜೋರು ಮಾಡ್ದ, ಅವಳು ಸಹಿ ಹಾಕಲ್ಲ ಸಾರ್ ಅಂದ್ಲು. ಓನರ್ ಕೆಳಗೆ ಬಂದ್ರು. ಎಲ್ರೂ ಮಷೀನ್ ಹಿಂದಿಂದ ನೋಡ್ತಿದಾರೆ. ಅವರು ಕಸ್ಟಮರ್‌ಗೆ ತಾವೇ ಫೋನ್ ಹಚ್ಚಿ, ಚೆಕ್ ಆಗಿರೋ ಅರ್ಧ ಈಗ ಕಳಿಸ್ತೀನಿ ಉಳಿದಿದ್ದು ಬೆಳಿಗ್ಗೆ ಅಂತ ಹೇಳಿ, ಬೈಸ್ಕೊಂಡು, ಶರ್ಟ್ ಕೈ ಮಡಚಿ ಸ್ನ್ಯಾಪ್ ಗೇಜ್ (ಸೈಜ್ ಪಾಸಾ ಫೇಲಾ ಅಂತ ತೋರ್ಸೋ ಸಾಧನ) ಹಿಡ್ಕೊಂಡು ಸಾರ್ಟಿಂಗ್ ಟೇಬಲ್‌ಗೆ ಕೂತ್ರು. ಅವರು ಆವತ್ತು ಸಾರ್ಟ್ ಮಾಡಿದ್ದು ಕಮ್ಮಿನೇ, ಕನ್ನಡಕ ಮರೆತು ಬಂದಿದ್ರು. ಅದರ ಮಾರನೇ ವಾರದಿಂದ ಹುಡುಗ್ರು ತಾವಾಗೇ ಮಷೀನ್ ನಿಲ್ಲಿಸಿ "ಸರ್‌ಜೀ, ಒಂದ್ಸಲ ನೋಡಿ" ಅಂತ ಕರೆಯೋಕೆ ಶುರು ಮಾಡಿದ್ರು.

ಈಗ ಓನರ್ ಮಗ ಬಂದಿದಾನೆ, ಎಂಬಿಎ ಮುಗಿಸಿ, ಹುಷಾರು ಹುಡುಗ. ಮಷೀನ್‌ಗೆಲ್ಲ ಸಾಫ್ಟ್‌ವೇರ್ ಹಾಕಿಸಿ ಶಾಪ್ ಮಧ್ಯದಲ್ಲಿ ದೊಡ್ಡ ಟಿವಿ ಇಡಿಸ್ದ, ಅದರಲ್ಲಿ ಆಪರೇಟರ್ ಹೆಸರು, ಹೆಸರಿನ ಮುಂದೆ ರಿಜೆಕ್ಷನ್ ಕೆಂಪಲ್ಲಿ. ನಾನು ಹೆಸರು ತೆಗೆದು ಮಷೀನ್ ನಂಬರ್ ಹಾಕಪ್ಪ ಅಂದೆ. "ಅಂಕಲ್, ಡೇಟಾ ಅಂದ್ರೆ ಡೇಟಾ, ಟ್ರಾನ್ಸ್‌ಪರೆನ್ಸಿ ಬೇಕಲ್ವಾ?" ಅಂತಾನೆ. ಚಿಪ್ಸ್ ಟ್ರಾಲಿ ಲೆಕ್ಕದ ಹಳೇ ಶೀಟ್ ತೆಗೆದು ಅವನಿಗೆ ಕೊಟ್ಟಿದೀನಿ, ಓದ್ತೀನಿ ಅಂದಿದಾನೆ. ಸದ್ಯಕ್ಕೆ ಟಿವಿಲಿ ಮಷೀನ್ ನಂಬರೇ ಬರ್ತಿದೆ, ಮುಂದಿನ ಮ್ಯಾನೇಜ್‌ಮೆಂಟ್ ರಿವ್ಯೂನಲ್ಲಿ ಇದೇ ಮೊದಲ ಐಟಂ.